ಕುಂಕುಮದ ತಾಟು ಹಿಡಿದ ಪತ್ತೇದಾರಿಣಿ

ಪತ್ತೇದಾರಿ ಕಾದಂಬರಿಗಳಿಗೆ ನಾನು ಖಾಕಿ ಕಾಗದದ ಹೊದಿಕೆ ಹಾಕಿ ಓದುತ್ತೇನೆ. ಮೇಲೊಂದು ಚೀಟಿ ಅಂಟಿಸಿ ‘ಸಮಾಜ ವಿಜ್ಞಾನ’ ಎಂದು ಬರೆದದ್ದೂ ಉಂಟು. ಕೋಡಿಬಾಗದಿಂದ ಶಾಲೆಗೆ ಹೋಗುವ ಬಸ್ಸಿನಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು, ಇನ್ನರ್ಧ ಅವರ ತಂದೆತಾಯಿ. ಅವರ ನಡುವೆ ಕೂತು ರಕ್ತ ತೊಟ್ಟಿಕ್ಕುವ ಚೂರಿಯ ಚಿತ್ರದ ಪುಸ್ತಕವನ್ನು ಬಿಡಿಸುವುದು ಹೇಗೆ? ಪಾಠ ಹೇಳುವ ಅಕ್ಕೋರು ಕೊಲೆಯ ಕತೆ ಓದುತ್ತಾರೆ ಎಂದು ಊರಿಗೆಲ್ಲ ಗೊತ್ತಾದರೆ ಮರುದಿನ ಮಗ್ಗಿ ಒಪ್ಪಿಸುವ ಮಕ್ಕಳು ನನ್ನ ಮುಖ ನೋಡಿ ನಗುತ್ತವೆ.

ಆದರೆ ಇದು ಸಣ್ಣ ನಾಚಿಕೆ, ಒಂದು ಕಾಗದದಲ್ಲಿ ಮುಚ್ಚಿಹೋಗುವಂಥದ್ದು. ಈ ಸಲದ ಸಂಕ್ರಾಂತಿಯ ನಂತರ ನನಗಾದ ನಾಚಿಕೆಗೆ ಅಂಥ ಹೊದಿಕೆ ಸಿಕ್ಕಿಲ್ಲ. ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ, ಒಲೆಯ ಮುಂದೆ ಒಬ್ಬಳೇ ಇದ್ದರೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತೇನೆ. ಯಾರ ಹತ್ತಿರವಾದರೂ ಹೇಳಿಕೊಂಡರೆ ಹಗುರಾದೀತೆಂದು ನಿಮ್ಮನ್ನು ಹಿಡಿದಿದ್ದೇನೆ.

ಎಲ್ಲಕ್ಕೂ ಮೂಲ ಒಂದು ಕಾದಂಬರಿ. ಸಂಕ್ರಾಂತಿ ಮುಗಿದ ವಾರ ಅದು ನನ್ನ ಕೈಯಲ್ಲಿತ್ತು. ಜಮೀನ್ದಾರರ ಮನೆಯ ಅವಳಿ ಗಂಡುಮಕ್ಕಳು. ಒಬ್ಬ ಊರಲ್ಲಿ ತೋಟ ನೋಡಿಕೊಂಡಿದ್ದಾನೆ, ಇನ್ನೊಬ್ಬ ಮುಂಬಯಿಯಲ್ಲಿ ಆಳುಕಾಳು ಇಟ್ಟುಕೊಂಡು ಮೆರೆಯುತ್ತಿದ್ದಾನೆ. ಒಂದು ಬೆಳಿಗ್ಗೆ ಬಾವಿಯಲ್ಲಿ ಹೆಣ ತೇಲುತ್ತದೆ. ಊರಿನವನೇ ಸತ್ತನೆಂದು ಎಲ್ಲರೂ ಅತ್ತು ಸಂಸ್ಕಾರಕ್ಕೆ ಸಿದ್ಧರಾಗುತ್ತಾರೆ. ಪತ್ತೇದಾರ ಮಾತ್ರ ಹೆಣದ ಮಣಿಕಟ್ಟಿನ ಮೇಲೆ ಬೆಳ್ಳಗೆ ಉಳಿದ ಗಡಿಯಾರದ ಗುರುತು ನೋಡುತ್ತಾನೆ. ಊರಿನವನು ಜನ್ಮದಲ್ಲಿ ಗಡಿಯಾರ ಕಟ್ಟಿದವನಲ್ಲ. ಅಂದರೆ ಸತ್ತವನು ಮುಂಬಯಿಯವನು. ಕೊಂದವನು ಊರಿನವನು, ಈಗ ಸತ್ತವನ ಹೆಸರಿನಲ್ಲಿ ತಿರುಗಾಡುತ್ತಿದ್ದಾನೆ. ಊರಿನವನ ಹೆಂಡತಿಗೂ ಇದೆಲ್ಲ ಗೊತ್ತು. ಲೋಕದ ಕಣ್ಣಿಗೆ ಅವಳು ವಿಧವೆಯ ವೇಷ ಹಾಕುತ್ತಾಳೆ, ಕುಂಕುಮ ಅಳಿಸುತ್ತಾಳೆ, ಬಳೆ ಒಡೆಯುತ್ತಾಳೆ, ತಾಳಿ ತೆಗೆದಿಡುತ್ತಾಳೆ. ಕಾಲುಂಗುರ ತೆಗೆಯಲು ಮರೆಯುತ್ತಾಳೆ. ಅಲ್ಲಿಗೆ ಸಿಕ್ಕಿಬೀಳುತ್ತಾಳೆ.

ಅರ್ಧ ಪುಸ್ತಕ ಮುಗಿಯುವುದರೊಳಗೆ ಗಡಿಯಾರದ ಗುರುತನ್ನು ನಾನೂ ಹಿಡಿದಿದ್ದೆ. ನಮ್ಮ ಮನೆಯವರನ್ನು ಎಬ್ಬಿಸಿ ಹೇಳಿದೆ. ಮಧ್ಯಾಹ್ನದ ನಿದ್ದೆಯಲ್ಲಿದ್ದ ಅವರು “ಯಾರು ಸತ್ರು?” ಎಂದು ಗಾಬರಿಯಿಂದ ಎದ್ದು ಕೂತರು. ಪುಸ್ತಕದಲ್ಲಿ ಎಂದೆ. ಅವರು ಆ ಕಡೆ ಹೊರಳಿ ಮಲಗಿದರು.

ಅವಳಿಗಳ ಕತೆ ಬರೆಯುವವರನ್ನು ಕಂಡರೆ ನನಗೆ ಒಂದು ರೀತಿಯ ಸಲುಗೆ. ಅವರು ದೇವರು ಮಾಡಿದ ಒಂದು ಸೋಮಾರಿ ಕೆಲಸವನ್ನು ಹಿಡಿದುಕೊಂಡು ಹೊಟ್ಟೆ ಹೊರೆಯುತ್ತಾರೆ. ಇಬ್ಬರಲ್ಲಿ ಒಬ್ಬ ದೇವರಂಥವನು, ಇನ್ನೊಬ್ಬ ನೀಚ. ಇಬ್ಬರೂ ಸಾಧಾರಣ ಮನುಷ್ಯರಾದ, ಒಬ್ಬರಿಗೊಬ್ಬರು ಇಸ್ತ್ರಿ ಮಾಡಿದ ಅಂಗಿ ಕೊಟ್ಟು ಬಾಳುವ ಅವಳಿಗಳನ್ನು ಯಾವ ಕಾದಂಬರಿಯಲ್ಲೂ ನಾನು ಕಂಡಿಲ್ಲ. ನಮ್ಮ ಕಡೆ ಅವಳಿಗಳ ಸಂಶಯ ಬಾಳೆಹಣ್ಣಿನಿಂದಲೇ ಶುರುವಾಗುತ್ತದೆ. ಒಂದೇ ಸಿಪ್ಪೆಯೊಳಗೆ ಅಂಟಿಕೊಂಡ ಜೋಡಿ ಹಣ್ಣನ್ನು ಹೊಸದಾಗಿ ಮದುವೆಯಾದವಳ ಕೈಗೆ ಕೊಡುವುದಿಲ್ಲ. ತಿಂದರೆ ಅವಳಿ ಹುಟ್ಟುತ್ತವೆ ಎಂದು ಹೆದರಿಕೆ. ನನ್ನ ಅತ್ತೆ ಅಂಥ ಹಣ್ಣು ಸಿಕ್ಕರೆ ತಾವೇ ತಿಂದು ಮುಗಿಸುತ್ತಿದ್ದರು, ಸೊಸೆಯ ರಕ್ಷಣೆಗೆ ಎಂದು. ಅವರಿಗೆ ಬಾಳೆಹಣ್ಣು ಬಲು ಇಷ್ಟವಾಗಿತ್ತು.

ಒಂದೇ ಥರ ಕಾಣುವುದನ್ನು ಬೇರೆ ಮಾಡಿ ತೋರಿಸುವುದರಲ್ಲಿ ನನಗೆ ಮೊದಲಿನಿಂದ ಜಂಬ. ಅಂಕೋಲೆಯ ಪೇಟೆಯಲ್ಲಿ ಬಿಳಿ ಇಶಾಡ ಮಾವನ್ನು ಕರಿ ಇಶಾಡವೆಂದು ಯಾರೂ ನನಗೆ ಮಾರಲಾರರು. ಸಿಪ್ಪೆ ತೆಳುವೋ ದಪ್ಪವೋ ಎಂದು ಹೆಬ್ಬೆರಳಿಗೇ ತಿಳಿಯುತ್ತದೆ. ಶಾಲೆಯಲ್ಲಿ ಒಮ್ಮೆ ಅವಳಿ ಹುಡುಗರಿದ್ದರು. ಪದ್ಯ ಬರುವವನು ತನ್ನದನ್ನು ಒಪ್ಪಿಸಿ ಹೊರಗೆ ಹೋಗಿ, ಬಾರದವನ ಹೆಸರು ಕರೆದಾಗ ಮತ್ತೆ ಒಳಗೆ ಬಂದು ನಿಂತ. ಎರಡನೇ ಸಲ ಅವನ ದನಿಯಲ್ಲಿ ಹೆದರಿಕೆಯೇ ಇರಲಿಲ್ಲ, ಅದರಿಂದ ಹಿಡಿದೆ. ಮುಖ್ಯ ಅಧ್ಯಾಪಕರು ಎಲ್ಲರ ಮುಂದೆ, “ನಮ್ಮ ಅಕ್ಕೋರ ಕಣ್ಣು ತಪ್ಪಿಸೂಕೆ ಯಾರಿಗೂ ಆಗೂದಿಲ್ಲ” ಎಂದರು. ಆ ಮಾತನ್ನು ನಾನು ಇಷ್ಟು ವರ್ಷ ಒಡವೆಯಂತೆ ಹಾಕಿಕೊಂಡು ತಿರುಗಿದೆ.

ಇನ್ನು ನಾಚಿಕೆಯ ಸಂಗತಿಗೆ ಬರಲೇಬೇಕು.

ಕಾರವಾರದ ಮನೆಗಳಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹಳದಿ ಕುಂಕುಮ ಮಾಡುವುದುಂಟು. ಒಂದು ಸಂಜೆ ಅಕ್ಕಪಕ್ಕದ ಹೆಂಗಸರನ್ನು ಕರೆದು, ಅರಿಶಿನ ಕುಂಕುಮ ಹಚ್ಚಿ, ಹೂ ಕೊಟ್ಟು, ಗುಲಾಬಿ ನೀರು ಚಿಮುಕಿಸಿ, ಎಳ್ಳುಬೆಲ್ಲ ಹಂಚುವುದು; ಹೋಗುವಾಗ ‘ವಾಣ’ ಎಂದು ಮನೆಗೆ ಬೇಕಾದ ಒಂದು ಸಾಮಾನು ಕೊಡುವುದು. ಈ ಸಲ ನಾನು ಸ್ಟೀಲಿನ ಡಬ್ಬಿ ತಂದಿದ್ದೆ. ಗಂಡ ಬದುಕಿರುವ ಹೆಂಗಸರನ್ನು ಮಾತ್ರ ಕರೆಯುವ ಪದ್ಧತಿ ಇದು. ನಾನು ಅದನ್ನು ಒಪ್ಪುವವಳಲ್ಲ. ಶಾಲೆಯ ಮಹಿಳಾ ದಿನದ ಭಾಷಣದಲ್ಲಿ ಇಂಥ ಪದ್ಧತಿಗಳನ್ನು ಚೆನ್ನಾಗಿ ಬೈದಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಕರೆಯುವಾಗ ಮಾತ್ರ ಪದ್ಧತಿಯ ಪ್ರಕಾರವೇ ಕರೆಯುತ್ತೇನೆ.

ನಮ್ಮ ಓಣಿಯ ಕೊನೆಯ ಮನೆಯ ವತ್ಸಲಾಳನ್ನು ಕರೆದಿದ್ದೆ. ಅವಳ ಗಂಡ ಮೀನಿನ ಬೋಟಿನ ಮೇಲೆ ಹೋಗುವವನು. ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ವತ್ಸಲಾಳಿಗೆ ಶೈಲಾ ಎಂಬ ಅವಳಿ ಅಕ್ಕ, ಅವರ್ಸಾದ ರೈತಾಪಿ ಮನೆಗೆ ಕೊಟ್ಟದ್ದು. ಶೈಲಾಳ ಗಂಡ ಹಿಂದಿನ ವರ್ಷ ಕಾಯಿಲೆಯಲ್ಲಿ ತೀರಿಕೊಂಡ. ಆಮೇಲೆ ಅವಳು ಹೆಚ್ಚಾಗಿ ತಂಗಿಯ ಮನೆಯಲ್ಲೇ ಇರುತ್ತಿದ್ದಳು, ಆದರೆ ಓಣಿಯಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ. ಅಂಗಳದಲ್ಲಿ ಬಟ್ಟೆ ಒಣಹಾಕುವವಳು ಯಾರೆಂದು ದೂರದಿಂದ ಯಾರಿಗೂ ತಿಳಿಯುತ್ತಿರಲಿಲ್ಲ. ಎತ್ತರ, ಮೈಬಣ್ಣ, ನಡೆಯುವಾಗ ಕತ್ತು ಸ್ವಲ್ಪ ಎಡಕ್ಕೆ ವಾಲಿಸುವುದು, ಎಲ್ಲ ಒಂದೇ.

ಆ ಸಂಜೆ ನಾನು ಕಾದಂಬರಿಯ ಕೊನೆಯ ಪುಟ ಮುಗಿಸಿ, ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು, ಸೀರೆ ಉಟ್ಟು ನಿಂತೆ. ಹೆಂಗಸರು ಬಂದು ಚಾಪೆಯ ಮೇಲೆ ಕೂತರು. ಎಲ್ಲರಿಗಿಂತ ಕೊನೆಗೆ ವತ್ಸಲಾ ಬಂದಳು. ಒಬ್ಬಳಲ್ಲ, ಇಬ್ಬರು ಬಂದರು. ಇಬ್ಬರಿಗೂ ಹಸಿರು ಸೀರೆ, ಕೈತುಂಬ ಬಳೆ, ಕೊರಳಲ್ಲಿ ಕರಿಮಣಿ, ಮುಡಿಯಲ್ಲಿ ಅಬ್ಬಲಿಗೆ, ಹಣೆಯ ಮೇಲೆ ಕುಂಕುಮ.

ಮಾತು ಒಮ್ಮೆ ನಿಂತಿತು. ಎದುರುಮನೆಯ ರಾಧಕ್ಕ, ನಮ್ಮೆಲ್ಲರಿಗಿಂತ ಹಿರಿಯಳು, ಸರಿದು ಜಾಗ ಮಾಡಿ, “ಬನ್ರೇ, ಇಲ್ಲಿ ಗಾಳಿ ಬತ್ತದೆ” ಎಂದಳು. ಇಬ್ಬರೂ ಅಲ್ಲಿ ಕೂತರು. ಮಾತು ಮತ್ತೆ ಶುರುವಾಯಿತು, ಆ ಸಲದ ಬಂಗಡೆಯ ಬಗ್ಗೆ.

ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಯಾರ ಮನೆಯಲ್ಲಾದರೂ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ತಲೆಯಲ್ಲಿ ಮಾತ್ರ ಬಾವಿ, ಹೆಣ, ಗಡಿಯಾರ. ಪುಸ್ತಕದಲ್ಲಿ ಗಂಡನಿರುವವಳು ವಿಧವೆಯ ವೇಷ ಹಾಕಿದ್ದಳು. ಇಲ್ಲಿ ನನ್ನ ಚಾಪೆಯ ಮೇಲೆಯೇ ಅದರ ತಿರುವುಮುರುವು ಕೂತಿದೆ. ಯಾರು ಯಾರು? ತಾಟು ಹಿಡಿದು ಒಬ್ಬೊಬ್ಬರಿಗೆ ಕುಂಕುಮ ಹಚ್ಚುತ್ತ ಬರುವಾಗ ನನ್ನ ಕಣ್ಣು ಅವರಿಬ್ಬರ ಕಾಲಿನ ಮೇಲಿತ್ತು. ಒಬ್ಬಳ ಬೆರಳಲ್ಲಿ ಬೆಳ್ಳಿಯ ಕಾಲುಂಗುರವಿತ್ತು. ಇನ್ನೊಬ್ಬಳ ಬೆರಳು ಬರಿದು. ಎಲ್ಲ ತೊಟ್ಟುಕೊಂಡು ಬಂದವಳು ಇದೊಂದನ್ನು ಮರೆತಿದ್ದಾಳೆ! ಇವಳೇ ಶೈಲಾ. ನನಗಾದ ಸಂತೋಷವನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ.

ಕಂಡುಹಿಡಿದವಳು ಸುಮ್ಮನಿದ್ದರೂ ಬದುಕಬಹುದಿತ್ತು. ಆದರೆ ಪತ್ತೇದಾರಿಣಿಯ ಜೊತೆಗೆ ಭಾಷಣಕಾರ್ತಿಯೂ ನನ್ನೊಳಗೆ ಇದ್ದಾಳಲ್ಲ! ಅವಳು ಬಾಯಿ ಬಿಟ್ಟಳು. ಬರಿಬೆರಳಿನವಳ ಮುಂದೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, ತರಗತಿಯ ದನಿಯಲ್ಲಿ ಹೇಳಿದೆ: “ಶೈಲಾ, ಸಂಕೋಚ ಮಾಡಬೇಡ. ಗಂಡ ಹೋದ್ರೆ ಏನಾಯ್ತು? ನಮ್ಮ ಮನೆಯಲ್ಲಿ ಆ ಭೇದ ಎಲ್ಲ ಇಲ್ಲ. ನೀನೂ ಹಚ್ಚಿಕೊ.”

ಬರಿಬೆರಳಿನವಳ ಮುಖ ಬಿಳಿಚಿಕೊಂಡಿತು. ಅವಳು ಎರಡೂ ಕೈಯಲ್ಲಿ ಕರಿಮಣಿ ಹಿಡಿದುಕೊಂಡಳು. ಆಗ ಪಕ್ಕದವಳು ಎದ್ದು ನಿಂತಳು.

“ಅಕ್ಕೋರೇ, ಅದು ವತ್ಸಲಾ. ಅವ್ಳ ಗಂಡ ಗಟ್ಟಿ ಅದ್ಯಾನೆ, ಬೋಟಿನ ಮೇಲೆ ಹೋಗ್ಯಾನೆ. ಶೈಲಾ ನಾನು. ಗಂಡ ಹೋದವ್ಳು ನಾನು.”

ಅದನ್ನು ಅವಳು ಜೋರಾಗಿ ಹೇಳಿದಳು. ದಿನ ನೋಡಿ ಮಾಡಿದ ಕಾರ್ಯದಲ್ಲಿ, ಕುಂಕುಮದ ತಾಟಿನ ಎದುರು, ನನ್ನ ಬಾಯಿಯಿಂದ ಬಿದ್ದ ಮಾತು ಸಮುದ್ರದ ಮೇಲಿರುವ ಒಬ್ಬ ಮನುಷ್ಯನ ಮೇಲೆ ಹೋಗಿ ಕೂರಬಾರದೆಂದು, ಎಲ್ಲರ ಮುಂದೆ ಅದನ್ನು ತನ್ನ ಮೇಲೆ ಎಳೆದುಕೊಂಡಳು. ಇಂಥ ಅಪಶಕುನಗಳನ್ನು ನಾನು ನಂಬುವುದಿಲ್ಲ. ಆದರೂ ಆ ಗಳಿಗೆಯಲ್ಲಿ ತಾಟನ್ನು ಅವರ ಎದುರಿನಿಂದ ಹಿಂದಕ್ಕೆ ಎಳೆದುಕೊಂಡೆ.

ರಾಧಕ್ಕ ಮೇಲೆದ್ದಳು. “ತಾಟು ಇತ್ಲಾಗೆ ಕೊಡಿ, ಅಕ್ಕೋರೇ” ಎಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಇಬ್ಬರಿಗೂ ಅರಿಶಿನ ಹಚ್ಚಿದಳು, ಕುಂಕುಮ ಹಚ್ಚಿದಳು. ಶೈಲಾ ಹಚ್ಚಿಸಿಕೊಂಡಳು, ನಂತರ ತಂಗಿಯ ಕೈ ಹಿಡಿದು ಹೊರಟುಹೋದಳು. ಎಳ್ಳುಬೆಲ್ಲ ಮುಟ್ಟಲಿಲ್ಲ. ಅದನ್ನು ಕೊಡುವಾಗ ಒಳ್ಳೆಯದನ್ನೇ ಮಾತಾಡಿ ಎಂದು ಹೇಳಬೇಕಾದವಳು ನಾನೇ ಆಗಿದ್ದೆ. ಅವರ ಪಾಲಿನ ಡಬ್ಬಿಗಳು ಮೇಜಿನ ಮೇಲೆ ಉಳಿದವು.

ಉಳಿದವರೂ ಬೇಗ ಬೇಗ ಎದ್ದರು. ನಮ್ಮ ಮನೆಯವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. “ನಿನ್ನ ಪುಸ್ತಕದಲ್ಲಿ ಪತ್ತೇದಾರ ತಪ್ಪಿದ್ರೆ ಎಂತ ಮಾಡ್ತಾನೆ?” ಎಂದು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅವರಿಗೆ ನಿಜವಾಗಿ ತಿಳಿದುಕೊಳ್ಳಬೇಕಿತ್ತು. ಪುಸ್ತಕದಲ್ಲಿ ಅವನು ತಪ್ಪುವುದೇ ಇಲ್ಲ ಎಂದೆ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕಾಲು ತೊಳೆದೆ.

ಮರುದಿನ ಡಬ್ಬಿಗಳನ್ನು ತೆಗೆದುಕೊಂಡು ಹೊರಟೆ. ಓಣಿ ಅಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಬಾಗಿಲು ತೆಗೆದವಳ ಹಣೆಯಲ್ಲಿ ದೊಡ್ಡ ಕುಂಕುಮವಿತ್ತು. ನಾನು ಹೊಸ್ತಿಲಲ್ಲೇ ನಿಂತು ಕಣ್ಣು ನೆಲಕ್ಕೆ ನೆಟ್ಟು ಒಂದೇ ಉಸಿರಿಗೆ ಹೇಳಿದೆ, “ವತ್ಸಲಾ, ನಿನಗೆ ಮುಖ ತೋರಿಸೂಕೆ ನಾಚಿಕೆ ಆಗ್ತದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಪಾಪ, ಶೈಲಾ ಹ್ಯಾಂಗಿದ್ದಾಳೆ? ಅತ್ಲಾ?”

“ನಿನ್ನೆ ಅತ್ಲು” ಎಂದಳು ಅವಳು.

“ಊಟ?”

“ರಾತ್ರಿ ಉಣ್ಲಿಲ್ಲ. ಇವತ್ತು ಬಂಗಡೆ ತಂದದೆ, ಉಣ್ತಾಳೆ.”

ಅಷ್ಟರಲ್ಲಿ ಹಿತ್ತಲಿನಿಂದ ಇನ್ನೊಂದು ದನಿ ಕೇಳಿತು. “ಶೈಲಾ, ಯಾರೇ ಬಂದದ್ದು?”

“ಅಕ್ಕೋರು” ಎಂದು ನನ್ನ ಮುಂದಿದ್ದವಳು ಕೂಗಿ ಹೇಳಿದಳು. “ನಿನ್ನ ಹತ್ರ ತಪ್ಪಾಯ್ತು ಹೇಳೂಕೆ ಬಂದಾರೆ. ನಾ ಕೇಳ್ಕಂಡೆ.”

ನಾನು ಡಬ್ಬಿಗಳನ್ನು ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ರಾಧಕ್ಕ ಹಚ್ಚಿದ ಕುಂಕುಮವನ್ನು ಶೈಲಾ ಇನ್ನೂ ಅಳಿಸಿರಲಿಲ್ಲ. ಅವಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ವತ್ಸಲಾ ನಗಲಿಲ್ಲ. ಮೀನು ತೊಳೆದ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

“ಬೆಳಿಗ್ಗೆ ಇವ್ರ ಫೋನ್ ಬರೂ ತನಕ ನಾ ಕಣ್ಣು ಮುಚ್ಚಲಿಲ್ಲ, ಅಕ್ಕೋರೇ” ಎಂದಳು. “ನಿಮ್ಮ ಮಾತು ಕಿವಿಯಲ್ಲೇ ಇತ್ತು.”

ಕಾಲುಂಗುರದ ಸಂಗತಿಯನ್ನೂ ಅವಳೇ ಹೇಳಿದಳು. ಶೈಲಾಳದ್ದನ್ನು ಗಂಡ ಹೋದಾಗ ತೆಗೆಸಿದ್ದರು. ವತ್ಸಲಾಳ ಹತ್ತಿರ ಕರಿಮಣಿ ಎರಡು ಇದ್ದವು, ಗಿಡ್ಡದ್ದನ್ನು ಅಕ್ಕನಿಗೆ ಹಾಕಿದಳು. ಕಾಲುಂಗುರ ಒಂದೇ ಜೊತೆ ಇತ್ತು. ಅದನ್ನು ತನ್ನ ಬೆರಳಿನಿಂದ ತೆಗೆದು ಅಕ್ಕನಿಗೆ ತೊಡಿಸಿದಳು, ಅಕ್ಕ ಬೇಡ ಬೇಡವೆಂದರೂ ಕೇಳದೆ. ಈಗ ಮತ್ತೆ ತೊಟ್ಟಿದ್ದ ಉಂಗುರವನ್ನು ವತ್ಸಲಾ ಸರಿಸಿದಾಗ ಬೆರಳಿನ ಸುತ್ತ ಅದರಡಿಯ ಜಾಗ ಬೆಳ್ಳಗೆ ಎದ್ದು ಕಂಡಿತು. ಪುಸ್ತಕದ ಹೆಣದ ಮಣಿಕಟ್ಟಿನಲ್ಲಿ ಅಂಥದೇ ಗುರುತನ್ನು ಹಿಡಿದು ಗಂಡನ ನಿದ್ದೆ ಕೆಡಿಸಿದವಳು ನಾನು. ಜೀವಂತ ಹೆಂಗಸಿನ ಕಾಲಲ್ಲಿ ಅದು ನನಗೆ ಕಂಡಿರಲಿಲ್ಲ.

“ನಾನು ಬರೂದಿಲ್ಲ ಅಂತಿದ್ದೆ” ಎಂದಳು ಶೈಲಾ. “ಇವ್ಳು, ನೀ ಬಾರದೆ ನಾನೂ ಹೋಗೂದಿಲ್ಲ ಅಂತ ಹಟ ಹಿಡಿದ್ಲು. ಇಬ್ರೊಳಗೆ ಯಾರು ಯಾರು ಅಂತ ಯಾರಿಗೂ ಗುರುತು ಹತ್ತೂದಿಲ್ಲ, ಇಬ್ರಿಗೂ ಹಚ್ಚೇ ಹಚ್ತಾರೆ, ಬಾ ಅಂದ್ಲು.”

“ಉಳಿದವರಿಗೆ ಗೊತ್ತಾಗಲಿಲ್ಲವಾ?” ಎಂದು ಕೇಳಿದೆ. ನನಗಿಂತ ದಡ್ಡರು ಇದ್ದರೆಂದಾದರೂ ಸಮಾಧಾನ ಸಿಗಲಿ ಎಂದು.

“ಒಬ್ಬಳು ಗಂಡ ಹೋದವ್ಳು ಅಂತ ಎಲ್ರಿಗೂ ಗೊತ್ತಿತ್ತು. ಇಬ್ರೂ ಹೂ ಮುಡ್ಕಂಡು ಬಂದ್ರೆ ಎಂತಕೆ ಅಂತ ತಿಳಿಯೂದಿಲ್ವಾ? ರಾಧಕ್ಕಂಗೆ ನಮ್ಮಲ್ಲಿ ಯಾರು ಯಾರು ಅಂತ ಸಮಾ ಗೊತ್ತದೆ. ಯಾರೂ ಕೇಳ್ಲಿಲ್ಲ, ಅಷ್ಟೇ” ಎಂದಳು ಶೈಲಾ.

ಇದು ನನ್ನನ್ನು ಈಗಲೂ ಕೊರೆಯುತ್ತದೆ. ಇಡೀ ಓಣಿ ಕೂಡಿ, ಒಂದು ಮಾತೂ ಆಡಿಕೊಳ್ಳದೆ, ತಿಳಿಯದವರಂತೆ ಇರಲು ಒಪ್ಪಿಕೊಂಡಿತ್ತು. ಓದುಬರಹ ಹೆಚ್ಚಿಲ್ಲದ ರಾಧಕ್ಕನಿಗೂ ಈ ಒಪ್ಪಂದ ಅರ್ಥವಾಗಿತ್ತು, ಮಹಿಳಾ ದಿನದ ಭಾಷಣಕ್ಕೆ ಚಪ್ಪಾಳೆ ಹೊಡೆದವರಿಗೂ ಅರ್ಥವಾಗಿತ್ತು. ಯಾರೂ ಬಚ್ಚಿಡದ ಗುಟ್ಟನ್ನು ಪತ್ತೆ ಮಾಡಿದವಳು ನಾನೊಬ್ಬಳೇ, ಅದನ್ನೂ ತಪ್ಪಾಗಿ. ನಾನು ಓದಿದ ಪುಸ್ತಕಗಳಲ್ಲಿ ಕೊಲೆ ಮೊದಲು ಆಗುತ್ತದೆ, ಪತ್ತೇದಾರ ಆಮೇಲೆ ಬರುತ್ತಾನೆ. ನನ್ನ ಮನೆಯಲ್ಲಿ ಯಾವ ಅಪರಾಧವೂ ಆಗಿರಲಿಲ್ಲ. ನಾನು ಬಾಯಿ ಬಿಟ್ಟ ಮೇಲೆಯೇ ಆದದ್ದು.

ಹೊರಡುವಾಗ ವತ್ಸಲಾ ಬಾಗಿಲ ತನಕ ಬಂದಳು. “ಅಂಕೋಲೆಯಲ್ಲಿ ನನ್ನ ಸಂಗಡ ಹೊಲಿಗೆ ಕಲ್ತವ್ಳು ನಂದಾ ಅಂತ ಅದ್ಯಾಳೆ. ನಾಡಿದ್ದು ಅವ್ಳಲ್ಲಿ ಹಳದಿ ಕುಂಕುಮ. ಶೈಲಾ ಇನ್ನು ಎಲ್ಲಿಗೂ ಬರೂದಿಲ್ಲ ಅಂತ ಕೂತಾಳೆ. ನೀವೇ ಹಾಳು ಮಾಡಿದ್ದು. ನೀವೇ ಕರ್ಕಂಡು ಹೋಗಿ” ಎಂದಳು. ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

ಶೈಲಾಳನ್ನು ಒಪ್ಪಿಸಲು ನಾನು ಪಟ್ಟ ಪಾಡನ್ನು ಬರೆಯುವುದಿಲ್ಲ. ಭಾಷಣ ಉಪಯೋಗಕ್ಕೆ ಬರಲಿಲ್ಲ. ನೀನು ಬಾರದಿದ್ದರೆ ನಾನು ಈ ಓಣಿಯಲ್ಲಿ ತಲೆ ಎತ್ತಿ ನಡೆಯಲಾರೆ ಎಂದು ನನ್ನ ಸ್ವಾರ್ಥವನ್ನು ಇದ್ದ ಹಾಗೆ ಹೇಳಿದಾಗ ಅವಳು, “ಆಯ್ತು, ನಿಮ್ಮ ಸಲುವಾಗಿ ಬತ್ತೆ” ಎಂದಳು.

ಮೂವರೂ ಬಸ್ಸಿನಲ್ಲಿ ಹೊರಟೆವು. ಅವರ್ಸಾ ಬಂದಾಗ ಶೈಲಾ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ನಮ್ಮಿಬ್ಬರ ನಡುವೆ ಕುಗ್ಗಿ ಕೂತಳು. ಗಂಡನ ಮನೆಯ ಕಡೆಯವರು ಯಾರಾದರೂ ಹತ್ತಿದರೆ ಎಂದು. ನಾನು ಅಗಲವಾಗಿ ಕೂತು, ಸಮಾಜ ವಿಜ್ಞಾನದ ಹೊದಿಕೆಯ ಪುಸ್ತಕವನ್ನು ಎತ್ತರಕ್ಕೆ ಹಿಡಿದು ಓದುತ್ತಿರುವಂತೆ ಮಾಡಿದೆ. ಅದು ಆವತ್ತು ಒಂದು ಒಳ್ಳೆಯ ಕೆಲಸಕ್ಕೆ ಬಂತು. ಊರು ದಾಟಿದ ಮೇಲೆ ಅವಳು ಸೆರಗು ಸರಿಸಿ ಕಿಟಕಿಯ ಹೊರಗೆ ನೋಡತೊಡಗಿದಳು.

ನಂದಾಳ ಮನೆ ತುಂಬಿತ್ತು. ಅವಳು ವತ್ಸಲಾಳನ್ನು ಕಂಡು ಹತ್ತಾರು ವರ್ಷವಾಗಿತ್ತಂತೆ. ಇಬ್ಬರನ್ನೂ ಒಟ್ಟಿಗೆ ನೋಡಿ ಬೆರಗಾದಳು, ಕೂರಿಸಿದಳು, ಪಾನಕ ಕೊಟ್ಟಳು. ಆಮೇಲೆ ಕುಂಕುಮದ ಬಟ್ಟಲು ತರುವ ನೆಪದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು.

“ಅಕ್ಕೋರೇ, ಇವ್ರೊಳಗೆ ಒಬ್ಳ ಗಂಡ ಹೋದ ಅಂತ ಕೇಳಿದ್ದೆ. ಯಾವ್ಳದ್ದು? ನೀವು ಅದೇ ಓಣಿಯವ್ರು, ನಿಮ್ಗೆ ಗೊತ್ತಿರ್ಬೇಕಲ್ಲ.”

ಗೊತ್ತಿತ್ತು. ಬಾಗಿಲಿನಿಂದ ಇಬ್ಬರೂ ಕಾಣುತ್ತಿದ್ದರು. ಅವರನ್ನು ಆಗಲೇ ಗುರುತಿಸಬಲ್ಲವಳಾಗಿದ್ದೆ. ನಗುವ ಮೊದಲು ಬಾಯಿಗೆ ಸೆರಗು ಒತ್ತುವವಳು ಶೈಲಾ. ಅವಳು ಪಾನಕದ ಲೋಟವನ್ನು ಮಡಿಲಲ್ಲಿ ಹಿಡಿದುಕೊಂಡು, ಕುಡಿಯದೆ, ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ನಮ್ಮ ನಡುವೆ ಏನು ಮಾತು ನಡೆದಿದೆ ಎಂದು ಅವಳಿಗೆ ತಿಳಿದಿತ್ತು.

“ಎಂತ ಹೇಳೂದು ತಂಗೀ” ಎಂದೆ, “ಇಷ್ಟು ವರ್ಷ ಆಯ್ತು, ನಂಗೆ ಇನ್ನೂ ಇವ್ರ ಗುರುತು ಹತ್ತೂದಿಲ್ಲ.”

ಓಣಿಯ ಸುದ್ದಿ ತಿಳಿಯದ ಇಂಥ ಮಂಕು ಹೆಂಗಸು ಅಕ್ಕೋರು ಹೇಗಾದಳು ಎನ್ನುವಂತೆ ನಂದಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಾಟು ಎತ್ತಿಕೊಂಡು ಹೊರಗೆ ಹೋದಳು. ನಾನು ಹೂವಿನ ಬುಟ್ಟಿ ಹಿಡಿದು ಹಿಂದೆ ಹೋದೆ. ಮೊದಲು ಸಿಕ್ಕವಳು ಶೈಲಾ. ನಂದಾಳ ಬೆರಳು ಕುಂಕುಮಕ್ಕೆ ಇಳಿಯಿತು. ಶೈಲಾ ಕಣ್ಣು ಮುಚ್ಚಿಕೊಂಡು ಹಣೆಯನ್ನು ಮುಂದೆ ಮಾಡಿದಳು. ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಬರುವ ಏಕಾದಶಿ ಯಾವತ್ತೆಂದು ಹುಡುಕತೊಡಗಿದೆ.